ಲೆಚ್ಚೆಯ ಹಳದಿ ಕಲ್ಲು, ನಿನ್ನ ಸ್ಟೀಲ್ ಡಬ್ಬಿ

ದುಬೈ ಸಿಲಿಕಾನ್ ಓಯಸಿಸ್
೬ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ತಂಗಿ ಖೈರುನ್ನಿಸಳಿಗೆ ಅಮ್ಮಣ್ಣಿಯಕ್ಕನ ನೆನಪುಗಳು.

ನೀನು, ಹಮೀದಣ್ಣ, ಮಗ ಝಹೀರ್ ಎಲ್ಲರೂ ಸೌಖ್ಯ ತಾನೆ? ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದೀಯೋ, ಬಾಟಲಿಯನ್ನು ಹಾಗೇ ಕಪಾಟಿನಲ್ಲಿ ಇಟ್ಟಿದ್ದೀಯೋ? ಹಮೀದಣ್ಣ ಈಗಲೂ ಮನೆಗೆ ಬೀಗ ಹಾಕಿ ಗೇಟಿನವರೆಗೆ ಹೋಗಿ, ತಿರುಗಿ ಬಂದು ಮೂರು ಸಲ ಬೀಗ ಎಳೆದು ನೋಡುತ್ತಾರೆ ಎಂದು ಹೋದ ತಿಂಗಳು ನೀನು ನಗುತ್ತಾ ಹೇಳಿದೆ. ನಾನೂ ನಗಬೇಕಿತ್ತು. ನಗು ಬರಲಿಲ್ಲ. ಸಿಗ್ನಲ್ ಹೋಗುತ್ತಿದೆ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ.

ಆಮೇಲೆ ನೀನು ಕಳಿಸಿದ ಏಳು ವಾಯ್ಸ್ ಮೆಸೇಜಿಗೂ ಉತ್ತರ ಕೊಟ್ಟಿಲ್ಲ. ಕೊನೆಯದರಲ್ಲಿ, "ಎಂತ ಅಮ್ಮಣ್ಣಿಯಕ್ಕ, ಇಟಲಿಗೆ ಹೋಗಿ ಬಂದ ಮೇಲೆ ನಾವೆಲ್ಲ ಸಣ್ಣವರಾದೆವಾ?" ಎಂದು ಕೇಳಿದ್ದೀಯ. ಹಾಗಲ್ಲ ಮಾರಾಯ್ತಿ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಸಮಾಧಾನ ಮಾಡುತ್ತೀಯ, ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ. ನನಗೆ ನನ್ನ ಗುಣ ಗೊತ್ತು. ಅದಕ್ಕೇ ಕಾಗದ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು ನಾನು. ತಪ್ಪಿದ್ದರೆ ರುವೈಸಿನಲ್ಲಿ ಪಕ್ಕದ ಮನೆಯಲ್ಲಿದ್ದಾಗ ತಿದ್ದುತ್ತಿದ್ದ ಹಾಗೆ ಮನಸ್ಸಿನಲ್ಲೇ ತಿದ್ದಿಕೊಂಡು ಓದು. ಬರ್ ದುಬೈಯ ಬಟ್ಟೆ ಅಂಗಡಿಯ ಅಬ್ದುಲ್ ರವೂಫ್ ನಾಡಿದ್ದು ಊರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಅವನು ಉಚ್ಚಿಲದ ನಿಮ್ಮ ಮನೆಗೇ ತಂದು ಕೊಡುತ್ತಾನೆ. ಲಕೋಟೆಗೆ ಗೋಂದು ಹಚ್ಚಿ, ಅದರ ಮೇಲೆ ಟೇಪ್ ಹಚ್ಚಿ, ಟೇಪಿನ ಮೇಲೆ ಸಹಿ ಹಾಕಿದ್ದೇನೆ. ಒಡೆದಿದ್ದರೆ ತಿಳಿಸು.

ಈ ಕಾಗದದ ಕೊನೆಯಲ್ಲಿ ನಿನಗೂ ಹಮೀದಣ್ಣನಿಗೂ ಒಂದು ವಿಷಯ ಹೇಳುವುದಿದೆ. ಹೇಳಿಯೇ ಹೇಳುತ್ತೇನೆ. ಆದರೆ ಅಲ್ಲಿಗೆ ಹಾರಬೇಡ. ಲೆಚ್ಚೆಗೆ ಹೋದ ಕಥೆ ಮೊದಲು ಓದು. ಅಲ್ಲಿಗೆ ಹೋಗದಿದ್ದರೆ ಕೊನೆಯದನ್ನು ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಇವರು ತೀರಿಕೊಂಡು ಎರಡು ವರ್ಷ ಆಯಿತಲ್ಲ. ಇವರ ಬಟ್ಟೆಗಳನ್ನು ಯಾರಿಗಾದರೂ ಕೊಡಬೇಕೆಂದು ಹೋದ ಮಾರ್ಚಿನಲ್ಲಿ ಮಗಳು ಅಕ್ಷಿತಾ ಕಪಾಟು ತೆರೆದಳು. ಅಂಗಿಗಳ ಅಡಿಯಲ್ಲಿ ಆ ಮದುವೆ ಕಾಗದ ಇತ್ತು. ನೆನಪಿದೆಯಾ, ನಮ್ಮ ರುವೈಸ್ ಕ್ವಾರ್ಟರ್ಸಿಗೆ ಅಂಚೆಯಲ್ಲಿ ಬಂದಿದ್ದ, ಹಳದಿ ಇಗರ್ಜಿಯ ಚಿತ್ರ ಇದ್ದ ಕಾಗದ? ಇಟಲಿಯ ವಿತೋನ ಮಗಳ ಮದುವೆಯದು. ಮಡಿಕೆ ಹರಿದು ಹೋಗಿ ಇವರು ಹಿಂದಿನಿಂದ ಟೇಪ್ ಹಚ್ಚಿದ್ದರು. ಹದಿಮೂರು ವರ್ಷ ಅದನ್ನು ತೆಗೆದು ತೆಗೆದು ನೋಡಿರಬೇಕು. ನನ್ನ ಎದುರು ಒಂದು ದಿನವೂ ಅಲ್ಲ.

ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಅಕ್ಷಿತಾಳಿಗೆ, "ನಾನು ಈ ಊರಿಗೆ ಹೋಗಬೇಕು" ಎಂದೆ.

ಅವಳು ನಕ್ಕಳು. "ಅಮ್ಮಾ, ಹನ್ನೊಂದನೇ ಮಹಡಿಯ ಬಾಲ್ಕನಿಗೆ ಬಟ್ಟೆ ಒಣಗಿಸಲಿಕ್ಕೆ ಹೋಗುವುದಿಲ್ಲ ನೀನು. ಲಿಫ್ಟಿನಲ್ಲಿ ಕಣ್ಣು ಮುಚ್ಚುತ್ತಿ. ಇಟಲಿಗಾ?"

"ಇಟಲಿಗೇ."

"ಊರಿಗೆ ಹೋಗುವಾಗ ಮಂಗಳೂರಿನ ವಿಮಾನ ಹತ್ತುವುದಿಲ್ಲ. ಕೋಳಿಕ್ಕೋಡಿನಲ್ಲಿ ಇಳಿದು ರೈಲಿನಲ್ಲಿ ಬರುವವಳು!"

ಅದು ಸತ್ಯ. ಎರಡು ಸಾವಿರದ ಹತ್ತರ ಮೇ ತಿಂಗಳಲ್ಲಿ ದುಬೈಯಿಂದ ಹೊರಟ ವಿಮಾನ ಮಂಗಳೂರಿನಲ್ಲಿ ಬಿದ್ದ ಮೇಲೆ ನಾನು ಆ ದಾರಿ ಹಿಡಿದಿಲ್ಲ. ಯಾರ್ಯಾರ ಮನೆಯವರು ಹೋದರೆಂದು ನೀನೂ ನಾನೂ ಒಟ್ಟಿಗೆ ಕೂತು ಪೇಪರ್ ಓದಿ ಅತ್ತದ್ದು ನಿನಗೆ ನೆನಪಿರಬಹುದು. ಆದರೂ ನಾನು ಹಟ ಬಿಡಲಿಲ್ಲ. ವಿತೋನ ಎದುರು ಕೂತು, ನನ್ನ ಗಂಡ ನಿಮ್ಮ ಮಗಳ ಮದುವೆಗೆ ಯಾಕೆ ಬರಲಿಲ್ಲ ಎಂಬುದನ್ನು ನನ್ನ ಬಾಯಿಯಿಂದ ಹೇಳಬೇಕು. ಇವರು ಮಾಡಿಟ್ಟ ದೀಪವನ್ನು ಆ ಹುಡುಗಿಯ ಕೈಗೆ ಕೊಡಬೇಕು. ಎರಡೇ ಕೆಲಸ. ಸಾಯುವ ಮೊದಲು ಮಾಡಬೇಕು.

ವೀಸಾ ಕಚೇರಿಯಲ್ಲಿ ಏನಾಯಿತು ಗೊತ್ತಾ? ಬೆರಳಚ್ಚು ತೆಗೆಯುವ ಗಾಜಿನ ಮೇಲೆ ನನ್ನ ಬೆರಳು ಮೂಡಲೇ ಇಲ್ಲ. ಬೀಡಿ ಕಟ್ಟಿ, ಪಾತ್ರೆ ತಿಕ್ಕಿ ಸವೆದ ಬೆರಳು. ಮೂರು ಸಲ ಕೆಂಪು ದೀಪ ಬಂತು.  ಈ ಹೆಂಗಸು ಯಾರೆಂದೇ ಗೊತ್ತಾಗುವುದಿಲ್ಲ, ಇವಳನ್ನು ಕಳಿಸಬೇಡಿ ಎಂದು ಯಂತ್ರವೇ ಹೇಳಿದ ಹಾಗೆ ಅನಿಸಿತು. ಕೌಂಟರಿನ ಫಿಲಿಪ್ಪೀನ್ಸ್ ಹುಡುಗಿ ಒದ್ದೆ ಟಿಶ್ಯೂ ಕೊಟ್ಟು, "ಮಾಮಾ, ಪ್ರೆಸ್, ಪ್ರೆಸ್" ಎಂದು ತನ್ನ ಕೈಯನ್ನೇ ನನ್ನ ಕೈಯ ಮೇಲಿಟ್ಟು ಒತ್ತಿದಳು. ನಾಲ್ಕನೇ ಸಲ ಹಸಿರು ಬಂತು. ಅವಳಿಗೆ ಒಳ್ಳೆಯದಾಗಲಿ.

ಶಾಲೆಗೆ ರಜೆ ಸಿಕ್ಕಿದ ಅಕ್ಟೋಬರ್ ವಾರ ಅಕ್ಷಿತಾ, ಅವಳ ಮಗಳು ಅಶ್ಮಿತಾ, ನಾನು ಮೂವರೂ ಹೊರಟೆವು. ಅಳಿಯ ಸುಮಿತನಿಗೆ ರಜೆ ಸಿಗಲಿಲ್ಲ. ದೀಪವನ್ನು ಕೈಚೀಲದಲ್ಲಿ ಇಟ್ಟುಕೊಳ್ಳುತ್ತೇನೆ ಎಂದೆ. "ಚೂಪಾಗಿದೆ, ಬಿಡುವುದಿಲ್ಲ" ಎಂದು ಅಕ್ಷಿತಾ ದೊಡ್ಡ ಪೆಟ್ಟಿಗೆಗೆ ಹಾಕಿದಳು. ಆ ಪೆಟ್ಟಿಗೆ ಕಪ್ಪು ಪಟ್ಟಿಯ ಮೇಲೆ ಸರಿಯುತ್ತಾ ಗೋಡೆಯ ತೂತಿನೊಳಗೆ ಹೋಯಿತಲ್ಲ, ಅಲ್ಲಿಂದ ರೋಮಿನಲ್ಲಿ ಅದು ಮತ್ತೆ ಕಣ್ಣಿಗೆ ಬೀಳುವವರೆಗೆ ನಾನು ಒಂದು ತುತ್ತು ತಿನ್ನಲಿಲ್ಲ.

ವಿಮಾನದಲ್ಲಿ ಅಶ್ಮಿತಾ, "ಅಜ್ಜಿ, ಹೂ ಈಸ್ ದಿಸ್ ವಿತೋ?" ಎಂದು ಕೇಳಿದಳು. ಈ ಹುಡುಗಿಗೆ ಹನ್ನೊಂದು ವರ್ಷ. ನಾನು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ನಿನಗೆ ಗೊತ್ತಿರುವ ಕಥೆಯನ್ನೇ ಅವಳಿಗೆ ಹೇಳಿದೆ. ರುವೈಸಿನ ಕಂಪನಿಯಲ್ಲಿ ಅಜ್ಜ ವೆಲ್ಡರ್ ಆಗಿದ್ದರು, ವಿತೋ ಅವರ ಮೇಲಿನ ಸೂಪರ್‌ವೈಸರ್. ಒಮ್ಮೆ ಪೈಪಿನೊಳಗೆ ಕೆಲಸ ಮಾಡುವಾಗ ವಿತೋ ಉಸಿರು ಕಟ್ಟಿ ಬಿದ್ದಾಗ ಅಜ್ಜ ಕಾಲು ಹಿಡಿದು ಎಳೆದು ಹೊರಗೆ ಹಾಕಿದರು. ಆ ದಿನದಿಂದ ಇಬ್ಬರೂ ಅಣ್ಣತಮ್ಮಂದಿರ ಹಾಗೆ. ವಿತೋ ಕೆಲಸ ಮುಗಿಸಿ ತನ್ನ ಊರು ಲೆಚ್ಚೆಗೆ ಹೋದ ಮೇಲೆ ಮಗಳ ಮದುವೆಗೆ ಕರೆದ. ಅಜ್ಜ ಉಳಿದ ಸ್ಟೀಲ್ ಪೈಪಿನ ತುಂಡುಗಳಿಂದ ಕಾಲುದೀಪ ಮಾಡಿದರು, ತುದಿಗೆ ನವಿಲು ಕೂರಿಸಿದರು. ಹೊಸ ಕೋಟು ಹೊಲಿಸಿದರು. ಆಮೇಲೆ ಪಾಸ್‌ಪೋರ್ಟ್ ಕಳೆದುಹೋಯಿತು, ಹೋಗಲು ಆಗಲಿಲ್ಲ.

"ಹೂ ಲಾಸ್ಟ್ ಇಟ್?" ಎಂದಳು.

ಅದು ಎಲ್ಲರ ಪಾಸ್‌ಪೋರ್ಟುಗಳನ್ನು ಕಂಪನಿಯೇ ಇಟ್ಟುಕೊಳ್ಳುತ್ತಿದ್ದ ಕಾಲ, ಆ ಕಪಾಟಿನ ಬೀಗದ ಕೈ ಹಮೀದಜ್ಜನ ಹತ್ತಿರ ಇತ್ತು ಎಂದೆ. ಅಷ್ಟು ಹೇಳಿ, ವಿಮಾನದ ಕಿಟಕಿಯತ್ತ ಜನ್ಮದಲ್ಲಿ ತಿರುಗಿ ನೋಡದವಳು ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಬರೀ ಮೋಡ.

ರೋಮಿನಿಂದ ಇನ್ನೊಂದು ಸಣ್ಣ ವಿಮಾನ, ಆಮೇಲೆ ರೈಲು. ಲೆಚ್ಚೆ ಸ್ಟೇಷನ್ನಿನಲ್ಲಿ ಇಳಿದಾಗ ಊರುಗೋಲು ಹಿಡಿದ ಒಬ್ಬ ಮುದುಕ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಕೂಗಿದ: "ಮದಾಮ್ ಮೋಹನ್! ಯಲ್ಲಾ! ಯಲ್ಲಾ!"

ಖೈರುನ್ನಿಸಾ, ಅದೇ ಗಂಟಲು. ಕೂದಲು ಪೂರ್ತಿ ಹೋಗಿದೆ, ಎಪ್ಪತ್ತೆಂಟು ವರ್ಷ, ಗಂಟಲು ಮಾತ್ರ ಹಾಗೇ. ಪಕ್ಕದಲ್ಲಿ ಮಗಳು ಕಿಯಾರಾ. ಅವಳನ್ನೇ ಅಶ್ಮಿತಾ ಫೇಸ್‌ಬುಕ್ಕಿನಲ್ಲಿ ಹುಡುಕಿ ತೆಗೆದದ್ದು. ವಿತೋ ನನ್ನ ಎರಡೂ ಕೈ ಹಿಡಿದು, "ಮೋಹನ್ ಮಾಫಿ" ಎಂದ. ಮೋಹನ ಇಲ್ಲ ಎಂದು. ಆಮೇಲೆ ಅತ್ತ. ನಾನು ಅಳಲಿಲ್ಲ. ಹೇಳಬೇಕಾದ್ದು ಹೇಳುವ ಮೊದಲು ಅತ್ತರೆ ಅದು ಮೋಸ ಎಂದು ಗಟ್ಟಿ ಮಾಡಿಕೊಂಡು ಹೋಗಿದ್ದೆ.

ತಮಾಷೆ ಏನೆಂದರೆ ಅವನಿಗೆ ಇಂಗ್ಲಿಷ್ ಹೆಚ್ಚು ಬಾರದು, ನನಗೂ ಬಾರದು. ಆದರೆ ರುವೈಸಿನ ಮಾತು ಇಬ್ಬರಿಗೂ ಬರುತ್ತದಲ್ಲ! ಅರ್ಧ ಹಿಂದಿ, ಕಾಲು ಅರಬ್ಬಿ, ಉಳಿದದ್ದು ಕೈಸನ್ನೆ. "ಇದರ್ ಆವೋ, ಗುಡ್ ಚರ್ಚ್, ಬಹುತ್ ಕದೀಮ್, ವೆರಿ ಓಲ್ಡ್" ಎಂದು ಅವನು, "ಟೀಕ್ ಟೀಕ್, ಶುಕ್ರನ್" ಎಂದು ನಾನು. ಅಕ್ಷಿತಾ ಹಿಂದಿನಿಂದ, "ಇಟಲಿಗೆ ಬಂದು ಅಮ್ಮ ಲೇಬರ್ ಕ್ಯಾಂಪಿನ ಭಾಷೆ ಮಾತಾಡುತ್ತಾಳೆ ನೋಡು" ಎಂದು ನಕ್ಕಳು. ನಗಲಿ. ಆ ಭಾಷೆಯಲ್ಲೇ ನಾವು ಹೊಟ್ಟೆ ಹೊರೆದದ್ದು.

ಆ ಊರನ್ನು ನಿನಗೆ ಹೇಗೆ ಹೇಳಲಿ? ಇಡೀ ಪಟ್ಟಣ ಒಂದೇ ಕಲ್ಲಿನದು. ಹಳದಿ ಅಂದರೆ ಅರಸಿನದ ಹಳದಿ ಅಲ್ಲ, ಬೆಣ್ಣೆ ಕಾಯಿಸುವಾಗ ತುಪ್ಪ ಆಗುವ ಮೊದಲಿನ ಬಣ್ಣ. ಬೀದಿ ಇಕ್ಕಟ್ಟು, ನೆಲಕ್ಕೂ ಕಲ್ಲು. ಜಾರುತ್ತದೆ ಎಂದು ನಾನು ಗೋಡೆ ಹಿಡಿದುಕೊಂಡೇ ನಡೆದೆ. ಸಾಂತಾ ಕ್ರೋಚೆ, ಅಂದರೆ ಪವಿತ್ರ ಶಿಲುಬೆಯ ಇಗರ್ಜಿ ಅಂತ ಒಂದಿದೆ. ಇವರ ಕಾಗದದಲ್ಲಿದ್ದದ್ದು ಅದೇ. ಅದರ ಮುಖಭಾಗದಲ್ಲಿ ಒಂದು ಅಂಗೈ ಅಗಲ ಖಾಲಿ ಬಿಟ್ಟಿಲ್ಲ: ಹೂ, ಹಣ್ಣಿನ ಗೊಂಚಲು, ರೆಕ್ಕೆಯ ಮಕ್ಕಳು, ಸಿಂಹ, ಗರುಡನ ಹಾಗಿರುವ ಏನೋ ಪ್ರಾಣಿ. ನಾಲ್ಕು ನೂರು ವರ್ಷ ಆಯಿತಂತೆ. ನಮ್ಮ ಮದುವೆಮನೆಯಲ್ಲಿ ಹೂವಿನವರು ದುಡ್ಡಿಗೆ ಮೀರಿ ಅಲಂಕಾರ ಮಾಡಿದ ಹಾಗೆ, ಕಲ್ಲಿನಲ್ಲಿ.

ಆ ಇಗರ್ಜಿಯ ನಡುವೆ ಒಂದು ಉದ್ದದ ಬಾಲ್ಕನಿ ಇದೆ. ಅದರ ಕೆಳಗೆ ಸಾಲಾಗಿ ಕಲ್ಲಿನ ಗಂಡಸರು, ಪ್ರಾಣಿಗಳು. ಮೊಣಕಾಲು ಮಡಚಿ, ಬೆನ್ನು ಬಗ್ಗಿಸಿ, ತಲೆಯ ಮೇಲೆ ಅಷ್ಟೂ ಭಾರ ಹೊತ್ತಿದ್ದಾರೆ. ಒಬ್ಬನ ಮುಖ ನೋಡುತ್ತಾ ನಾನು ಅಲ್ಲೇ ನಿಂತೆ. ಅಶ್ಮಿತಾ, "ಅಜ್ಜಿ, ಕಮ್, ಐಸ್‌ಕ್ರೀಮ್" ಎಂದು ಸೆರಗು ಎಳೆದಳು. ನಾನು ವಿತೋನಿಗೆ, ಇವರು ಏನು ತಪ್ಪು ಮಾಡಿದ್ದರು ಎಂದು ಕೇಳಿದೆ. ವಿತೋ ಭುಜ ಕುಣಿಸಿ, "ನೋ ತಪ್ಪು, ಮದಾಮ್. ಕೈದಿ. ಯುದ್ಧದಲ್ಲಿ ಸಿಕ್ಕಿದ ಜನ ಅಂತ ಹೇಳುತ್ತಾರೆ" ಎಂಬ ಅರ್ಥದಲ್ಲಿ ಏನೋ ಹೇಳಿದ. ಏನೂ ಮಾಡದವನ ಬೆನ್ನ ಮೇಲೆ ಇಷ್ಟು ಭಾರ. ಮೇಲೆ ಹೂ, ಹಣ್ಣು.

ಆ ಕಲ್ಲಿನ ಗುಣವನ್ನೂ ವಿತೋ ತೋರಿಸಿದ. ಒಂದು ಸಣ್ಣ ಕೆತ್ತನೆ ಅಂಗಡಿಗೆ ಕರೆದುಕೊಂಡು ಹೋಗಿ ಕ್ವಾರಿಯಿಂದ ಆಗಷ್ಟೇ ಬಂದ ತುಂಡನ್ನು ನನ್ನ ಕೈಗೆ ಕೊಟ್ಟು ಉಗುರಿನಿಂದ ಕೆರೆಯಲು ಹೇಳಿದ. ಪುಡಿ ಉದುರಿತು! ಹೊಸತಾಗಿ ಕಡಿದಾಗ ಮೆತ್ತಗೆ, ಚೂರಿಯಲ್ಲೂ ಕೊರೆಯಬಹುದು. ಗಾಳಿ ತಾಗಿದಷ್ಟೂ ಗಟ್ಟಿಯಾಗುತ್ತದಂತೆ. ಏನು ಕೆತ್ತುವುದಿದ್ದರೂ ಬೇಗ ಕೆತ್ತಬೇಕು. ನಾನು ನಕ್ಕೆ. ಯಾಕೆಂದು ಕೇಳಿದ. ನಮ್ಮೂರಿನ ಕೆಂಪು ಮುರಕಲ್ಲು ಇದರ ಅಕ್ಕ ಎಂದೆ. ನನ್ನ ಅಪ್ಪ ಕಟಪಾಡಿಯಲ್ಲಿ ಮುರಕಲ್ಲು ಕಡಿಯುವವರು, ನಿನಗೆ ಗೊತ್ತಲ್ಲ. ನೆಲದಿಂದ ಎತ್ತಿದ ದಿನ ಕೊಡಲಿಗೆ ಬೆಲ್ಲದ ಹಾಗೆ, ಎರಡು ಬೇಸಗೆ ಕಳೆದರೆ ಕಬ್ಬಿಣ. ಬಣ್ಣ ಬೇರೆ, ಗುಣ ಒಂದೇ. ಗೋಡೆ ಹಿಡಿದು ನಡೆಯುವುದನ್ನು ನಾನು ಆಮೇಲೆ ಬಿಟ್ಟೆ. ಪರಿಚಯದ ಊರು ಅನಿಸಿತು.

ಮರುದಿನ ವಿತೋನ ಮನೆಯಲ್ಲಿ ಊಟ. ಹಳೆ ಪಟ್ಟಣದ ದ್ವಾರದ ಒಳಗೆ, ಅಂಗಳದಲ್ಲಿ ನಿಂಬೆ ಗಿಡ ಇರುವ ಮನೆ. ದೀಪವನ್ನು ಕಿಯಾರಾಳ ಕೈಗೆ ಕೊಟ್ಟೆ. ಹದಿನೈದು ವರ್ಷ ಅದು ನಮ್ಮ ಕಪಾಟಿನ ಮೇಲೆ ಹಳೇ ಲುಂಗಿಯಲ್ಲಿ ಸುತ್ತಿಕೊಂಡು ಕೂತಿತ್ತು. ಅವಳಿಗೆ ಈಗ ಎರಡು ಮಕ್ಕಳು. ವಿತೋ ಕನ್ನಡಕ ಹಾಕಿಕೊಂಡು, ಇವರು ಹಾಕಿದ ವೆಲ್ಡಿಂಗ್ ಬೆಸುಗೆಗಳ ಮೇಲೆ ಬೆರಳು ಆಡಿಸುತ್ತಾ ಹೋದ. ಒಂದೊಂದನ್ನೂ ಮುಟ್ಟಿ, "ಗುಡ್... ಗುಡ್... ಮೋಹನ್... ಗುಡ್..." ಎಂದ. ತಪಾಸಣೆಗೆ ಬಂದ ಸೂಪರ್‌ವೈಸರನ ಹಾಗೆಯೇ. ನವಿಲಿನ ಕುತ್ತಿಗೆಯ ಹತ್ತಿರ ನಿಲ್ಲಿಸಿ, "ಇದು ಸ್ವಲ್ಪ ಖರಾಬ್" ಎಂದ. ಅಲ್ಲಿಗೆ ಎಲ್ಲರೂ ನಕ್ಕೆವು. ನಾನು ಹತ್ತಿಯ ಬತ್ತಿ ಹೊಸೆದು ಕೊಟ್ಟೆ. ತೆಂಗಿನೆಣ್ಣೆ ಒಯ್ದಿದ್ದೆ, ಪೆಟ್ಟಿಗೆಯಲ್ಲಿ ಮುಚ್ಚಳ ಬಿಚ್ಚಿ ನನ್ನ ಎರಡು ಸೀರೆ ಕುಡಿದಿದ್ದವು. ಕಿಯಾರಾ ತಮ್ಮ ತೋಟದ ಆಲಿವ್ ಎಣ್ಣೆಯನ್ನೇ ಹೊಯ್ದಳು. ಉರಿಯುತ್ತದೋ ಇಲ್ಲವೋ ಎಂದು ನನಗೆ ಭಯ. ಚೆನ್ನಾಗಿಯೇ ಉರಿಯಿತು.

ಊಟ ಆದ ಮೇಲೆ ಅಕ್ಷಿತಾಳನ್ನೂ ಮಗುವನ್ನೂ ಕಿಯಾರಾ ಪೇಟೆಗೆ ಕರೆದುಕೊಂಡು ಹೋದಳು. ಹಾಗೆ ಮಾಡು ಎಂದು ನಾನೇ ಮೊದಲೇ ಕೇಳಿಕೊಂಡಿದ್ದೆ. ನಿಂಬೆ ಗಿಡದ ಕೆಳಗೆ ವಿತೋ ಮತ್ತು ನಾನು ಇಬ್ಬರೇ. ಹೇಳಿದೆ. ರುವೈಸಿನ ಭಾಷೆಯಲ್ಲಿ, ಇದ್ದ ಇನ್ನೂರು ಶಬ್ದಗಳಲ್ಲಿ, ಮೋಹನ್ ಯಾಕೆ ಬರಲಿಲ್ಲ ಎಂದು ಹೇಳಿದೆ. ಏನು ಹೇಳಿದೆ ಎಂಬುದನ್ನು ಕೆಳಗೆ ಬರೆಯುತ್ತೇನೆ ತಂಗಿ. ಈಗಲೇ ಬರೆದರೆ ನೀನು ಉಳಿದದ್ದನ್ನು ಓದುವುದಿಲ್ಲ.

ವಿತೋ ಊರುಗೋಲಿನಿಂದ ನೆಲದ ಕಲ್ಲನ್ನು ಕುಟ್ಟುತ್ತಾ ಕೂತ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಎದ್ದು ಒಳಗೆ ಹೋಗಿ ತಟ್ಟೆಯಲ್ಲಿ ಬಿಸಿ ಪಾಸ್ತಿಚ್ಚೋತ್ತೋ ತಂದಿಟ್ಟ. ಒಳಗೆ ಹಾಲುಖೋವದ ಹಾಗೆ ಕೆನೆ ತುಂಬಿದ ಒಂದು ತಿಂಡಿ ಅದು, ಆ ಊರಿನವರು ಬೆಳಿಗ್ಗೆಯೂ ಅದನ್ನೇ ತಿನ್ನುತ್ತಾರೆ. "ಖಲಾಸ್, ಮದಾಮ್," ಎಂದ. "ಮೋಹನ್ ನನಗೆ ಜೀವ ಕೊಟ್ಟ. ಒಂದು ಮದುವೆ ಊಟ ದೊಡ್ಡದಲ್ಲ. ಖಲಾಸ್. ತಿನ್ನಿ."

ಆಮೇಲೆ ಒಂದು ಪ್ರಶ್ನೆ ಕೇಳಿದ. ಎರಡೇ ಶಬ್ದ. ಕೈಯಲ್ಲಿದ್ದ ತುಂಡು ಹಾಗೇ ಉಳಿಯಿತು. ಮೊದಲ ತಪ್ಪಿಗೆ ಅಷ್ಟು ಸಲೀಸಾಗಿ ಖಲಾಸ್ ಅಂದವನು ಎರಡನೆಯದಕ್ಕೆ ನನ್ನ ಮುಖ ನೋಡುತ್ತಾ ಕಾದು ಕೂತ.  ಆ ಪ್ರಶ್ನೆಗೆ ಉತ್ತರವೇ ಈ ಕಾಗದ.

ಹಿಂದೆ ಬಂದ ಮೇಲೆ ಇಲ್ಲಿ ಎಲ್ಲ ಮೊದಲಿನ ಹಾಗೇ. ಅಳಿಯ ಆಫೀಸಿನಿಂದ ಬಂದು ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಳ್ಳುತ್ತಾನೆ. ಮಗು ಲೆಚ್ಚೆಯ ಫೋಟೋಗಳನ್ನು ಶಾಲೆಯ ಪ್ರಾಜೆಕ್ಟಿಗೆ ಅಂಟಿಸಿದ್ದಾಳೆ. ಟೀಚರ್ ಸ್ಟಾರ್ ಕೊಟ್ಟರಂತೆ. ನಾನು ಮಾತ್ರ ಮೂರು ವಾರ ಬಾಲ್ಕನಿಯಲ್ಲಿ ಕೂತು ಈ ಕಾಗದವನ್ನು ಮನಸ್ಸಿನಲ್ಲೇ ಬರೆದೆ. ಹೌದು, ಬಾಲ್ಕನಿಯಲ್ಲಿ. ಈಗ ಹೋಗುತ್ತೇನೆ. ಕೆಳಗೆ ನೋಡುವುದಿಲ್ಲ, ಅಷ್ಟೇ.

ದೇವರು ನಿನ್ನ ಮನೆಯನ್ನು ತಂಪಾಗಿಡಲಿ. ಝಹೀರನ ಮಕ್ಕಳು ನಿನ್ನ ಕೈಯ ಅಡುಗೆ ತಿಂದು ದೊಡ್ಡವರಾಗಲಿ. ಹಮೀದಣ್ಣನಿಗೆ ದೀರ್ಘ ಆಯುಸ್ಸು ಸಿಗಲಿ, ಅದರಲ್ಲಿ ನನ್ನ ಪಾಲಿನದನ್ನೂ ಸೇರಿಸಿ ಕೊಡಲಿ ಎಂದು ದಿನಾ ದೀಪದ ಮುಂದೆ ಕೇಳುತ್ತೇನೆ. ಇದು ಬರೀ ಕಾಗದದ ಮಾತಲ್ಲ.

ನಿನ್ನ
ಅಮ್ಮಣ್ಣಿಯಕ್ಕ

ವಿ.ಸೂ.: ಮರೆತು ಉಳಿದದ್ದಲ್ಲ, ಹದಿನೈದು ವರ್ಷ ನುಂಗಿಕೊಂಡು ಉಳಿಸಿದ್ದು.

ಖೈರುನ್ನಿಸಾ, ಸಿಕ್ಕಿದಾಗಲೆಲ್ಲ ನೀನು, "ಅಮ್ಮಣ್ಣಿಯಕ್ಕ, ನನ್ನ ಸ್ಟೀಲ್ ಡಬ್ಬಿ ನುಂಗಿದಿರಲ್ಲ" ಎಂದು ತಮಾಷೆ ಮಾಡುತ್ತೀಯ. ನಮ್ಮಲ್ಲೂ ನಿಮ್ಮಲ್ಲೂ ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ವಾಪಸು ಕೊಡುವುದಿಲ್ಲ. ನಿನ್ನ ಎಷ್ಟು ಪಾತ್ರೆಗಳಲ್ಲಿ ನಾನು ಪತ್ರೊಡೆ ಹಾಕಿ ಕಳಿಸಿಲ್ಲ! ಆ ಒಂದನ್ನು ಮಾತ್ರ ಕೊಡಲಿಲ್ಲ. ಅದು ಖಾಲಿ ಇರಲಿಲ್ಲ.

ಎರಡು ಸಾವಿರದ ಹತ್ತರ ರಂಜಾನ್. ಸಂಜೆ ನೋಂಬು ಬಿಡುವ ಹೊತ್ತಿಗೆ ನೀನು ಸಮೋಸ ತುಂಬಿದ ಡಬ್ಬಿಯನ್ನು ಬಟ್ಟೆಚೀಲದಲ್ಲಿಟ್ಟು ಬಾಗಿಲ ಹತ್ತಿರ ಇಟ್ಟಿದ್ದೆ. ಹಮೀದಣ್ಣ ಆಫೀಸಿನಿಂದ ಬಂದವರು ಅದೇ ಚೀಲದ ತಳದಲ್ಲಿ ಇವರ ಪಾಸ್‌ಪೋರ್ಟಿನ ಲಕೋಟೆ ಇಟ್ಟು ನಮ್ಮ ಬಾಗಿಲಿಗೆ ತೂಗುಹಾಕಿ, ಬೆಲ್ ಒತ್ತಿ ನಮಾಜಿಗೆ ಓಡಿದರು. ಮರುದಿನ ವೀಸಾಕ್ಕೆ ಕೊಡಬೇಕಿತ್ತಲ್ಲ, ಸ್ನೇಹಿತನ ಕೆಲಸ ಎಂದು ರಿಜಿಸ್ಟರಿನಲ್ಲಿ ಸಹಿಯನ್ನೂ ತೆಗೆದುಕೊಳ್ಳದೆ ತಂದಿದ್ದರು. ಇವರು ಆಗ ಶಿಫ್ಟಿನಲ್ಲಿದ್ದರು. ಲಕೋಟೆ ನನಗೆ ಸಿಕ್ಕಿತು.

ಸಿಕ್ಕಿತು, ತಂಗಿ. ಚೀಲದಲ್ಲಿ ಡಬ್ಬಿ ಬಿಟ್ಟರೆ ಬೇರೆ ಏನೂ ಇರಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು.

ಆ ಮೇ ತಿಂಗಳಿನಿಂದ ನನಗೆ ವಿಮಾನ ಎಂದರೆ ಬೆಂಕಿ. ಇವರು ಹೋದರೆ ತಿರುಗಿ ಬರುವುದಿಲ್ಲ ಎಂದು ಎದೆಯೊಳಗೆ ಕೂತಿತ್ತು. ಸಮೋಸ ತೆಗೆದು ತಟ್ಟೆಗಿಟ್ಟೆ, ಲಕೋಟೆಯನ್ನು ಡಬ್ಬಿಗೆ ಹಾಕಿದೆ, ಡಬ್ಬಿಯನ್ನು ಕುಚ್ಚಲಕ್ಕಿಯ ಡ್ರಮ್ಮಿನ ತಳಕ್ಕೆ ಹುಗಿದೆ. ಮದುವೆಯ ದಿನ ಕಳೆಯುವವರೆಗೆ ಮಾತ್ರ, ಆಮೇಲೆ ಎಲ್ಲೋ ಸಿಕ್ಕಿತು ಎಂದು ತೆಗೆಯುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಕಳೆದಿದೆ ಎಂದು ಪೊಲೀಸರಿಗೆ ಬರೆದು ಕೊಟ್ಟಾಗಿತ್ತು. ಈಗ ತೆಗೆದರೆ ಇವರಿಗೆ ತೊಂದರೆ ಎಂದು ಹೆದರಿದೆ. ಮೆತ್ತಗಿದ್ದಾಗ ಹೇಳಲಿಲ್ಲ, ಕಲ್ಲಾಯಿತು.

ಇವರು ಕಂಪನಿಗೆ ಹೋಗಿ ಹಮೀದಣ್ಣನ ಪರವಾಗಿ ಮಾತಾಡಿದರು. ಕೇಳಲಿಲ್ಲ. ವೀಸಾ ಕ್ಯಾನ್ಸಲ್ ಮಾಡಿ ನಿಮ್ಮನ್ನು ಕಳಿಸಿದರು. ನಿನ್ನ ರಟ್ಟಿನ ಪೆಟ್ಟಿಗೆಗಳಿಗೆ ಟೇಪ್ ಸುತ್ತಿದ್ದು ಈ ಕೈಗಳು. ನೀನು ಅಳುತ್ತಾ, "ನೀವೊಬ್ಬರಾದರೂ ಇದ್ದೀರಲ್ಲ ಅಕ್ಕ" ಎಂದೆ.

ಹಮೀದಣ್ಣ ಚೀಲದಲ್ಲೇ ಇಟ್ಟೆ ಎಂದು ಮೊದಲು ಹೇಳುತ್ತಿದ್ದರು. ಆಮೇಲೆ ಇಟ್ಟೆ ಅನಿಸುತ್ತದೆ ಎಂದರು. ಕೊನೆಗೆ ಎಲ್ಲಿ ಬೀಳಿಸಿದೆನೋ ಎಂದರು. ತನ್ನ ಕೈಯನ್ನೇ ತಾನು ನಂಬದ ಹಾಗೆ ಅವರನ್ನು ಮಾಡಿದ್ದು ನಾನು. ಎರಡು ವರ್ಷದ ಹಿಂದೆ ಇವರನ್ನು ಕಟಪಾಡಿಯ ಅಂಗಳದಲ್ಲಿ ಮಲಗಿಸಿದ್ದಾಗ ಹಮೀದಣ್ಣ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಅಕ್ಕಾ, ಆ ಪಾಸ್‌ಪೋರ್ಟಿನ ವಿಷಯದಲ್ಲಿ ಮೋಹನಣ್ಣ ನನ್ನನ್ನು ಕ್ಷಮಿಸಿದ್ದರಾ?" ನಾನು ತಲೆಯಾಡಿಸಿದೆ. ಇದಕ್ಕಿಂತ ದೊಡ್ಡ ಪಾಪ ನನಗೆ ಗೊತ್ತಿಲ್ಲ.

ವಿತೋ ಕೇಳಿದ ಎರಡು ಶಬ್ದ ಇದು: "ಹಮೀದ್ ಮಾಲೂಮ್?" ಹಮೀದನಿಗೆ ಗೊತ್ತಾ? ಇಲ್ಲ ಎಂದೆ. ಅವನು ಬೆರಳು ಮಡಚಿ ದುಬೈ, ರೋಮ್, ಲೆಚ್ಚೆ ಎಂದು ಎಣಿಸಿ ತೋರಿಸಿದ. ಆಮೇಲೆ, "ಹಮೀದನ ಮನೆ ನಿಮ್ಮ ಮನೆಗೆ ಎಷ್ಟು ದೂರ, ಮದಾಮ್?" ಎಂದ. ಕಟಪಾಡಿಯಿಂದ ಉಚ್ಚಿಲಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯೂ ಬೇಡ. ನಾನು ಸಮುದ್ರ ದಾಟಿ ಹೋಗಿದ್ದೆ.

ಅಕ್ಷಿತಾಳಿಗೆ ನಿನ್ನೆ ಎಲ್ಲ ಹೇಳಿದೆ. ಎದ್ದು ಒಳಗೆ ಹೋದಳು. ಮಲಗುವಾಗ ಬಂದು, "ನಾನೂ ಬರುತ್ತೇನೆ ಅಮ್ಮ" ಎಂದಳು. ಬೇಡ ಎಂದೆ. ಹಳೆ ರುವೈಸಿನವರ ವಾಟ್ಸಾಪ್ ಗುಂಪಿನಲ್ಲೂ ನನ್ನ ಸ್ವಂತ ದನಿಯಲ್ಲಿ ಹೇಳುತ್ತೇನೆ, ಆದರೆ ಹಮೀದಣ್ಣನ ಮುಖ ನೋಡಿ ಹೇಳಿದ ಮೇಲೆ.

ಇದೇ ಇಪ್ಪತ್ತೊಂಬತ್ತಕ್ಕೆ ಬರುತ್ತಿದ್ದೇನೆ. ಕೋಳಿಕ್ಕೋಡಿಗಲ್ಲ, ನೇರ ಮಂಗಳೂರಿಗೇ ಟಿಕೆಟ್ ತೆಗೆದಾಗಿದೆ. ಪೆಟ್ಟಿಗೆಗೆ ಹಾಕುವುದಿಲ್ಲ, ನಿನ್ನ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬರುತ್ತೇನೆ, ಒಳಗೆ ಏನಿತ್ತೋ ಅದರ ಸಮೇತ. ಬಾಗಿಲು ತೆರೆಯದಿದ್ದರೆ ಜಗಲಿಯಲ್ಲಿ ಕೂರುತ್ತೇನೆ. ಬೈದರೆ ಕೇಳುತ್ತೇನೆ. ಕ್ಷಮೆ ಕೇಳಲು ಬರುತ್ತಿಲ್ಲ, ಕೊಡಬೇಕಾದ್ದನ್ನು ಕೊಡಲು ಬರುತ್ತಿದ್ದೇನೆ.

ನಾನು ಬರುವವರೆಗೆ ಕಾಯಬೇಡ. ಈ ಕಾಗದವನ್ನು ಇವತ್ತೇ ಹಮೀದಣ್ಣನಿಗೆ ಓದಿ ಹೇಳು. ಬೀಗವನ್ನು ಇನ್ನು ಒಂದೇ ಸಲ ಎಳೆದು ನೋಡಿದರೆ ಸಾಕು ಎನ್ನು. ಅವರ ಕೈ ಯಾವತ್ತೂ ತಪ್ಪಿರಲಿಲ್ಲ.